ಆಯಿಯ ಕಿವಿಯಲ್ಲಿ ನಡೆದ ನಾತಾಳದ ಸಿನಿಮಾ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ನನ್ನ ಊರು ರಾಯಬಾಗದ ಕಡೆ. ರವಿವಾರ ಊರಿಗೆ ಹೋಗಿಬರುವುದು ಬಸ್ಸಿನ ಮರ್ಜಿಯ ಮೇಲಿತ್ತು. ಹೋಗದ ರವಿವಾರಗಳಲ್ಲಿ ಸೀರೆ ಒಗೆದು ಒಣಹಾಕಿದ ಮೇಲೆ ಮಾಡಲು ಏನೂ ಉಳಿಯುತ್ತಿರಲಿಲ್ಲ. ಹೀಗಿದ್ದಾಗ ಒಬ್ಬ ನಿವೃತ್ತ ಡ್ರಾಯಿಂಗ್ ಮಾಸ್ತರರು ಕಾಲೇಜಿನ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ, "ಬಾಯಾರ, ನಮ್ಮ ಸಿನಿಮಾ ಮಂಡಳಿಗೆ ಬರ್ರಿ. ಇಂಗ್ಲಿಷ್ ತಿಳಿಯಾವ್ರು ಒಬ್ಬರು ಬೇಕಾಗ್ಯಾರ" ಎಂದರು. ಆ ಊರಿನಲ್ಲಿ ಕಲಿಸುವ ಹೆಂಗಸರೆಲ್ಲ ಬಾಯಾರೇ. ನಾನು ಒಪ್ಪಿಕೊಂಡೆ.

ಮಂಡಳಿ ಎಂದರೆ ಫಲಕ, ರಸೀದಿ ಇದ್ದದ್ದಲ್ಲ. ದನದ ಡಾಕ್ಟರೊಬ್ಬರ ಮನೆಯ ಪಡಸಾಲೆಯಲ್ಲಿ ಆಗಾಗ ಒಂದು ರವಿವಾರ ಏಳೆಂಟು ಗಂಡಸರು ಸೇರುತ್ತಿದ್ದರು. ಡಾಕ್ಟರ ಮನೆಯಲ್ಲಿ ಕಲರ್ ಟಿ.ವಿ. ಇತ್ತು. ಮಾಸ್ತರರು ನಿಪ್ಪಾಣಿಗೆ ಹೋಗಿ ಕ್ಯಾಸೆಟ್ಟನ್ನೂ ಬಾಡಿಗೆಯ ವಿಸಿಆರ್ ಅನ್ನೂ ಟಾವೆಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದರು. ಅವರು ಹರೆಯದಲ್ಲಿ ಕೊಲ್ಹಾಪುರದ ಒಂದು ಸ್ಟುಡಿಯೋದಲ್ಲಿ ಪರದೆಗೆ ಬಣ್ಣ ಹಚ್ಚಿದವರು. ಸಿನಿಮಾ ಎಂದರೆ ಅವರಿಗೆ ಶ್ರದ್ಧೆ. ಎರಡು ನಿಯಮ ಮಾಡಿದ್ದರು: ಚಿತ್ರ ನಡೆಯುವಾಗ ಯಾರೂ ಮಾತಾಡಬಾರದು, ಮುಗಿದ ಮೇಲೆ ಯಾರೂ ಸುಮ್ಮನಿರಬಾರದು.

"ಉಂಡವ ಉಪ್ಪು ಹೆಚ್ಚಾತೋ ಕಡಿಮಿ ಆತೋ ಅಂತ ಹೇಳಬೇಕ್ರಿ. ಕೈ ತೊಳಕೊಂಡ ಸುಮ್ನ ಎದ್ದ ಹೋದ್ರ ಅಡಗಿ ಮಾಡಿದಾಕಿಗೆ ಅವಮಾನ" ಎನ್ನುತ್ತಿದ್ದರು.

ಅಡುಗೆ ಮಾಡಿದಾಕೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಡಾಕ್ಟರ ಹೆಂಡತಿಯನ್ನು ನಾವೆಲ್ಲ ವೈನಿ, ಎಂದರೆ ಅತ್ತಿಗೆ, ಎನ್ನುತ್ತಿದ್ದೆವು. ಮಂಗಸೂಳಿಯ ಕಡೆಯ ಹೊಲಮನೆಯ ಹುಡುಗಿ. ಏಳನೆಯ ಇಯತ್ತೆಗೆ ಶಾಲೆ ಬಿಡಿಸಿದ್ದರಂತೆ. ಪ್ರತಿ ಸಲ ನಮಗೆಲ್ಲ ಅವಲಕ್ಕಿಯ ಚೂಡಾ, ಎರಡು ಸಲ ಚಹಾ ಅವರೇ ಮಾಡುತ್ತಿದ್ದರು. ಚಿತ್ರದ ಮೊದಲ ಹತ್ತು ನಿಮಿಷ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದರೆ ಮತ್ತೆ ಕಾಣುತ್ತಿದ್ದದ್ದು ತಟ್ಟೆಯೊಂದಿಗೆ. ಒಂದು ಸಲ ನನ್ನ ಹತ್ತಿರ ನಗುತ್ತಲೇ ಅಂದಿದ್ದರು: "ನಮ್ಮ ಮನ್ಯಾಗ ಇಷ್ಟ ಸಿನಿಮಾ ಆದ್ವು, ಬಾಯಾರ. ಒಂದರದ್ದೂ ನಡುವಿಂದು ನನಗ ಗೊತ್ತಿಲ್ಲ."

ಮನೆಯಲ್ಲಿ ಡಾಕ್ಟರ ತಾಯಿಯೂ ಇದ್ದರು. ಓಣಿಗೆಲ್ಲ ಆಯಿ. ಬಿಳಿ ಸೀರೆ, ಸಣ್ಣ ದೇಹ, ಗಟ್ಟಿ ಹಲ್ಲು. ಕಿವಿ ಮಾತ್ರ ಬಹುತೇಕ ಹೋಗಿತ್ತು. ಎಡಗಿವಿಯ ಹತ್ತಿರ ಬಾಯಿಟ್ಟು ನಿಧಾನವಾಗಿ ಹೇಳಿದರೆ ಅಷ್ಟಿಷ್ಟು ತಿಳಿಯುತ್ತಿತ್ತು. ಡಾಕ್ಟರು ಕೂತಲ್ಲಿಂದಲೇ ಕೂಗಿ ಹೇಳುತ್ತಿದ್ದರು, ಆಯಿ "ಆಂ?" ಎನ್ನುತ್ತಿದ್ದರು, ಡಾಕ್ಟರು ಇನ್ನೂ ಜೋರಾಗಿ ಕೂಗಿ ಕೊನೆಗೆ "ಏನಿಲ್ಲ ಬಿಡ" ಎಂದು ಹೊರಟುಹೋಗುತ್ತಿದ್ದರು. ವೈನಿ ಕೈಯ ಕೆಲಸ ಬಿಟ್ಟು ಹತ್ತಿರ ಹೋಗಿ ಹೇಳುತ್ತಿದ್ದರು. ಅದೇನು ದೊಡ್ಡ ತ್ಯಾಗವೆಂದು ಅವರಿಗೂ ಅನ್ನಿಸಿರಲಿಲ್ಲ, ನಮಗೂ ಅನ್ನಿಸಿರಲಿಲ್ಲ.

ಒಂದು ಡಿಸೆಂಬರಿನಲ್ಲಿ ಮಾಸ್ತರರಿಗೆ ಪುಣೆಯ ಗೆಳೆಯರೊಬ್ಬರು ಒಂದು ವಿದೇಶಿ ಚಿತ್ರದ ಬಗ್ಗೆ ಹೇಳಿದರು. ಒಂದು ಮನೆ, ನಾತಾಳ, ಅಂದರೆ ಕ್ರಿಸ್‌ಮಸ್ ಹಬ್ಬ, ಎಲ್ಲರೂ ಸೇರುತ್ತಾರೆ, ಬಹಳ ಗಂಭೀರವಾದ ಚಿತ್ರ. ಹೆಸರು ಗೆಳೆಯರಿಗೂ ಸರಿಯಾಗಿ ನೆನಪಿರಲಿಲ್ಲ. ಮಾಸ್ತರರು ನಿಪ್ಪಾಣಿಯ ಕ್ಯಾಸೆಟ್ ಅಂಗಡಿಗೆ ಹೋಗಿ, "ಒಂದು ಕುಟುಂಬ, ನಾತಾಳ, ಇಂಗ್ಲಿಷ್" ಎಂದು ಕೇಳಿದರು. ಅಂಗಡಿಯವನು ಹುಡುಕಿ ಒಂದನ್ನು ಕೊಟ್ಟ. ಕುಟುಂಬದ ಚಿತ್ರವೆಂದ ಮೇಲೆ ಹೆಂಗಸರೂ ನೋಡಲಿ ಎಂದು ಮಾಸ್ತರರಿಗೆ ಅನ್ನಿಸಿತು. "ವೈನಿ, ಈ ಸಲ ಚೂಡಾ ಬ್ಯಾಡ, ಚಾ ಬ್ಯಾಡ. ನೀವು ಕೂತ ನೋಡಬೇಕು. ಓಣ್ಯಾಗಿನವ್ರನ್ನೂ ಕರೀರಿ" ಎಂದು ಹೇಳಿ ಕಳಿಸಿದರು.

ಡಾಕ್ಟರದು ಜೈನರ ಮನೆ. ಹೊತ್ತು ಮುಳುಗುವ ಮೊದಲು ಊಟವಾಗಬೇಕು. ಆದ್ದರಿಂದ ಮಧ್ಯಾಹ್ನದ ಊಟ ಮುಗಿಯುತ್ತಲೇ ಚಿತ್ರ ಹಚ್ಚುವುದೆಂದಾಯಿತು. ನಾನು ಹೋದಾಗ ಓಣಿಯ ಐದಾರು ಹೆಂಗಸರು ಜಮಖಾನೆಯ ಮೇಲೆ ಕೂತಿದ್ದರು. ಕೆಲವರು ಕೈಯಲ್ಲಿ ಅವರೆಕಾಯಿ ಸುಲಿಯುವ ಕೆಲಸವನ್ನೂ ತಂದಿದ್ದರು. ಗಂಡಸರು ಕುರ್ಚಿಗಳಲ್ಲಿ. ಆಯಿಯನ್ನು ಗೋಡೆಗೆ ಒರಗಿಸಿ ಕೂರಿಸಿ, ವೈನಿ ಅವರ ಎಡಕ್ಕೆ ಕೂತಿದ್ದರು. ವೈನಿಯ ಆಚೆ ನನಗೆ ಜಾಗ. ಇಂಗ್ಲಿಷ್ ಬಾರದವರಿಗೆ ನಾನು ಅಲ್ಲಲ್ಲಿ ಅರ್ಥ ಹೇಳಬೇಕೆಂದು ಮಾಸ್ತರರು ನಿಯಮ ಸಡಿಲಿಸಿದ್ದರು.

ಚಿತ್ರ ಸುರುವಾದ ಐದು ನಿಮಿಷಕ್ಕೆ ಇದು ಪುಣೆಯವರು ಹೇಳಿದ ಚಿತ್ರವಲ್ಲ ಎಂದು ತಿಳಿಯಿತು. ಅಮೆರಿಕಾದ ಒಂದು ದೊಡ್ಡ ಮನೆ. ಅದರ ಯಜಮಾನನಿಗೆ ಈ ಸಲದ ಹಬ್ಬ ತನ್ನ ಬಾಲ್ಯದ ಹಬ್ಬದಂತೆಯೇ ಆಗಬೇಕೆಂಬ ಹಟ. ಆ ವರ್ಷ ಹಿಮ ಬಿದ್ದಿಲ್ಲ. ಅವನು ನೊರೆ ಉಗುಳುವ ಒಂದು ಯಂತ್ರ ತರಿಸುತ್ತಾನೆ. ನೆಂಟರು ಕಾರುಕಾರುಗಳಲ್ಲಿ ಬರುತ್ತಾರೆ. ಭಾವಮೈದುನ ಯೇಸು ಹುಟ್ಟಿದ ಗೋದಲಿಯ ಪ್ರದರ್ಶನಕ್ಕೆಂದು ಒಂದು ಜೀವಂತ ಆಡು ತರುತ್ತಾನೆ. ಆಡು ಪರದೆ ತಿನ್ನುತ್ತದೆ. ಯಾರೋ ನಿಚ್ಚಣಿಕೆಯಿಂದ ಬೀಳುತ್ತಾರೆ, ಅವರ ಮೇಲೆ ಇನ್ನೊಬ್ಬರು ಬೀಳುತ್ತಾರೆ. ಮನೆಯೊಡತಿ ತಟ್ಟೆಗಳನ್ನು ಹೊತ್ತು ಬರುತ್ತಾಳೆ. ಆಕೆ ಬಂದಳೆಂದರೆ ತಟ್ಟೆ ಬೀಳಲಿದೆ ಎಂದೇ ಅರ್ಥ. ಪ್ರತಿ ಬೀಳುವಿಕೆಗೂ ಕಹಳೆ, ತಮಟೆ. ಎಲ್ಲರೂ ಎಲ್ಲ ಹೊತ್ತೂ ಒದರುತ್ತಿದ್ದರು.

ಆ ಮನೆಯಲ್ಲೂ ಒಬ್ಬ ಕಿವುಡು ಅಜ್ಜಿ ಇದ್ದಳು. ಆಕೆ "ಆಂ?" ಎನ್ನುವುದು, ಇಡೀ ಕುಟುಂಬ ಒಟ್ಟಿಗೆ ಆಕೆಯ ಮುಖಕ್ಕೆ ಕೂಗುವುದು, ಆಕೆ ಬೇರೆಯೇ ಏನೋ ಕೇಳಿಸಿಕೊಂಡು ಉತ್ತರಿಸುವುದು. ಹತ್ತು ನಿಮಿಷಕ್ಕೊಮ್ಮೆ ಇದೇ ಹಾಸ್ಯ. ಮೊದಲ ಸಲ ಅದು ಬಂದಾಗ ಪಡಸಾಲೆಯಲ್ಲಿ ಎಲ್ಲರೂ ನಕ್ಕರು. ನಾನು ಆಯಿಯ ಕಡೆ ನೋಡಿದೆ. ಆಯಿಯೂ ನಗುತ್ತಿದ್ದರು. ಸುತ್ತಲಿನವರ ಮುಖ ನೋಡಿ, ಅವರು ನಕ್ಕಷ್ಟೇ ನಗುತ್ತಿದ್ದರು. ಆಮೇಲೆ ವೈನಿಯ ಕಡೆ ತಿರುಗಿ, "ಏನಂದ್ಲು ಆ ಮುದುಕಿ?" ಎಂದು ಕೇಳಿದರು. ವೈನಿ ಅವರ ಕಿವಿಗೆ ಬಾಯಿಟ್ಟು ಏನೋ ಹೇಳಿದರು. ಟಿ.ವಿ.ಯ ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ. ಆಯಿ ತಲೆಯಾಡಿಸಿದರು.

ನನ್ನ ಕೆಲಸ ನನಗೇ ಸರಿ ಹೋಗಲಿಲ್ಲ. ನಾನು ಮಾತುಗಳನ್ನು ಒಂದೊಂದಾಗಿ ಕನ್ನಡಕ್ಕೆ ತರುತ್ತಿದ್ದೆ. "ಹಂದಿ ಮಾಂಸ ಎಲ್ಲಿ ಅಂತ ಕೇಳಿದ. ಆಕಿ ಟೊಪ್ಪಿಗಿ ಎಲ್ಲಿ ಅಂತ ತಿಳಕೊಂಡ್ಲು. ಇಂಗ್ಲಿಷಿನ್ಯಾಗ ಹ್ಯಾಮ್, ಹ್ಯಾಟ್, ಆ ಎರಡು ಶಬ್ದ ಕೇಳಾಕ ಒಂದ ಥರಾ ಇರತಾವು." ಹೆಂಗಸರು ಸೌಜನ್ಯದಿಂದ "ಹೌದಾ?" ಎಂದರು. ಪಕ್ಕದ ಮನೆಯಾಕೆ ಮತ್ತೆ ಅವರೆ ಸುಲಿಯತೊಡಗಿದಳು. ಸ್ವಲ್ಪ ಹೊತ್ತಿಗೆ ನನ್ನ ಅರ್ಥವನ್ನು ಯಾರೂ ಕೇಳುತ್ತಿಲ್ಲವೆಂದು ಗೊತ್ತಾಗಿ ನಾನು ಸುಮ್ಮನಾದೆ.

ಕುರ್ಚಿಗಳಲ್ಲಿ ಮಾಸ್ತರರು ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ತಂದ ಚಿತ್ರವನ್ನು ಅರ್ಧಕ್ಕೆ ನಿಲ್ಲಿಸುವುದು ಅವರ ಸ್ವಭಾವವಲ್ಲ. ವೈನಿ ಮಾತ್ರ ನಿಲ್ಲದೆ ಆಯಿಯ ಕಿವಿಗೆ ಹೇಳುತ್ತಲೇ ಇದ್ದರು. ಆಯಿ ಕೆಲವೆಡೆ ನಾವು ನಗುವಲ್ಲಿ ನಗುತ್ತಿರಲಿಲ್ಲ. ಯಾರೂ ನಗದ ಕಡೆ "ಅಯ್ಯ ಯವ್ವಾ" ಎನ್ನುತ್ತಿದ್ದರು. ವಯಸ್ಸಾದವರು, ಅರ್ಥವಾಗುತ್ತಿಲ್ಲ ಎಂದುಕೊಂಡೆ.

ನೊರೆಯ ಯಂತ್ರ ಕೆಟ್ಟು, ನೊರೆ ಕಿಟಕಿಗಳಿಂದ ಒಳಗೆ ನುಗ್ಗಿ, ಆಡು ಪಿಯಾನೋದ ಮೇಲೇರಿ, ಹತ್ತು ಹದಿನೈದು ಮಂದಿ ಒಟ್ಟಿಗೆ ಕಿರುಚುತ್ತಿದ್ದಾಗ ಕರೆಂಟು ಹೋಯಿತು. ಟಿ.ವಿ. ಕಪ್ಪಾಯಿತು. ಮನೆಯಲ್ಲಿ ಒಂದು ಸಣ್ಣ ಸದ್ದೂ ಉಳಿಯಲಿಲ್ಲ. ಆ ಗದ್ದಲವನ್ನು ಮೀರಬೇಕೆಂದು ಏರಿಸಿದ್ದ ವೈನಿಯ ದನಿ ಒಂದೇ ಇಡೀ ಪಡಸಾಲೆಗೆ ಕೇಳಿಸಿತು:

"ಗಂಡನ ಮನಿ ಬಿಟ್ಟ ಬಂದಾಳ್ರಿ ಅತ್ತಿ! ಯಾರ ಮುಂದೂ ಹೇಳಿಲ್ಲ! ಮುದುಕಿಗೊಬ್ಬಾಕಿಗೇ ಗೊತ್ತೈತಿ!"

ಎಲ್ಲರೂ ತಿರುಗಿ ನೋಡಿದರು. ವೈನಿ ಸೆರಗನ್ನು ತುಟಿಗೆ ಒತ್ತಿಕೊಂಡರು. ಮುಖ ಕೆಂಪಾಗಿತ್ತು.

ಡಾಕ್ಟರು ಕುರ್ಚಿಯಿಂದಲೇ, "ಯಾರ ಬಿಟ್ಟ ಬಂದಾರ? ಅದೆಲ್ಲೈತಿ ಸಿನಿಮಾದಾಗ?" ಎಂದರು.

ಕರೆಂಟು ಹೋದದ್ದು ಆಯಿಗೆ ಕಂಡಿತ್ತು. ಮನೆ ಸ್ತಬ್ಧವಾದದ್ದು ಅವರಿಗೆ ತಿಳಿಯುವಂತಿರಲಿಲ್ಲ. ಅವರು ಸೊಸೆಯ ತೋಳು ಅಲುಗಿಸಿ, "ಮುಂದ? ಮುದುಕಿ ಏನ ಮಾಡಿದ್ಲು ಹೇಳ" ಎಂದರು. ತಮಗೆ ಕೇಳಿಸದಿದ್ದದ್ದರಿಂದ ಆಯಿಯ ದನಿ ಯಾವಾಗಲೂ ದೊಡ್ಡದು.

ಪಕ್ಕದ ಮನೆಯಾಕೆ ಅವರೆಕಾಯಿಯ ಬುಟ್ಟಿ ಸರಿಸಿದಳು. "ಯಾವಾಕಿ ವೈನಿ? ಆ ಹಸರ ಕೋಟಿನಾಕ್ಯಾ? ನನಗೂ ಹಂಗ ಅನಸ್ತಿತ್ತು. ಸಣ್ಣದೊಂದ ಪೆಟ್ಟಿಗಿ ಹಿಡಕೊಂಡ ಒಬ್ಬಾಕಿನ ಬಂದಾಳ ನೋಡ್ರಿ."

ಹಸಿರು ಕೋಟಿನ ಹೆಂಗಸು ನನಗೂ ನೆನಪಾದಳು. ಯಜಮಾನನ ತಂಗಿ. ಚಿತ್ರದಲ್ಲಿ ಆಕೆಗೆ ಇದ್ದ ಕೆಲಸವೆಂದರೆ ಬಾಗಿಲು ತೆರೆದಾಗಲೆಲ್ಲ ಅದರ ಹಿಂದೆ ನಿಂತಿದ್ದು ಮೂಗಿಗೆ ಬಡಿಸಿಕೊಳ್ಳುವುದು.

ಡಾಕ್ಟರು ಮತ್ತೆ ಬಾಯಿ ತೆರೆಯುವುದರಲ್ಲಿದ್ದರು. ಮಾಸ್ತರರು ಕೈ ಎತ್ತಿದರು. "ಡಾಕ್ಟರ, ಗಪ್ ಕೂಡ್ರಿ. ಸಿನಿಮಾ ನಡದೈತಿ. ಹೇಳ್ರಿ ವೈನಿ."

ವೈನಿ ಮೊದಲು ಒಲ್ಲೆ ಎಂದರು. "ನನಗೇನ ಇಂಗ್ಲಿಷ್ ಬರತೈತಿರಿ ಸರ್? ಅತ್ತಿಯವರ ಕೇಳತಾರಂತ ಏನೇನೋ ಹೇಳಾಕತ್ತಿದ್ದೆ." ಆದರೆ ಆಯಿ ಬಿಡಲಿಲ್ಲ. ವೈನಿ ಆಯಿಯ ಕಿವಿಯತ್ತ ಬಗ್ಗಿದರು, ನಮ್ಮ ಕಡೆ ನೋಡಲಿಲ್ಲ. ನಾವು ಕೇಳಿಸಿಕೊಂಡೆವು.

"ಆ ತಂಗಿ ಅದಾಳಲ್ರಿ ಅತ್ತಿ, ಆಕಿ ಹಬ್ಬಕ್ಕಂತ ಬಂದಾಳ ಅಂತ ಎಲ್ಲಾರೂ ತಿಳಕೊಂಡಾರ. ಆಕಿ ಹೊಳ್ಳಿ ಹೋಗಾಕಿ ಅಲ್ಲ. ಹೇಳೂಣು ಅಂತ ಅಣ್ಣನ ಹಂತ್ಯಾಕ ಹೋಗತಾಳ, ಅಣ್ಣ ಆ ಬುರುಗಿನ ಮಶಿನ್ ಬಿಟ್ಟ ಮ್ಯಾಲ ನೋಡೂದಿಲ್ಲ. ಅಣ್ಣನ ಹೆಂಡ್ತಿ ಹಂತ್ಯಾಕ ಹೋಗತಾಳ, ಆಕಿಗೆ ಕೈ ತುಂಬ ತಾಟು. ಬಾಗಲಾ ಬಾಗಲಾ ನಿಂತ ನಿಂತ ಬಡಿಸಿಕೊಳ್ಳಾಕತ್ತಾಳ."

"ಮುದುಕಿ?" ಎಂದರು ಆಯಿ.

"ಮುದುಕಿಗೆ ಎಲ್ಲಾ ಕೇಳಸತೈತಿ. ಕೇಳಸೂದಿಲ್ಲ ಅಂತ ಸೋಗ ಹಾಕ್ಯಾಳ. ಕೇಳಸತೈತಿ ಅಂದ್ರ ಎಲ್ಲಾರ ಜಗಳಾನೂ ಆಕಿನ ಬಿಡಸಬೇಕಾಕ್ಕೈತಿ. ಅದಕ್ಕ ಅವ್ರ ಒಂದ ಕೇಳಿದ್ರ ಆಕಿ ಒಂದ ಹೇಳತಾಳ. ಆದ್ರ ಆ ತಂಗಿ ಬಂದ ದಿನಾನ ಅಡಗಿಮನ್ಯಾಗ ಹೇಳಿ ಬಿಟ್ಟಾಳ. ಮುದುಕಿ ಏನಂದ್ಲು, ‘ಹಬ್ಬ ಮುಗೀಲಿ, ನಾ ಮಾತಾಡತೇನಿ. ಅಲ್ಲೀತನಕ ಉಣ್ಣ, ತಿನ್ನ, ಮಕ್ಕೊ.’"

ಮೂಲೆಯಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು, "ಹೊಳ್ಳಿ ಕಳಸಬ್ಯಾಡಂತ ಹೇಳ ಆ ಮುದುಕಿಗೆ" ಎಂದರು. ಇನ್ನೊಬ್ಬಾಕೆ, "ಅಣ್ಣ ಒಪ್ಪಬೇಕಲ್ಲ. ನೊರಿ ಮಶಿನ್‌ಗೆ ರೊಕ್ಕ ಅದಾವ, ತಂಗಿಗೆ ಎರಡ ರೊಟ್ಟಿ ಇಲ್ಲ ಅಂತಾನೇನು?" ಎಂದಳು. ಆ ಗಂಡ ಎಂಥವನಿರಬಹುದು, ಕುಡಿಯುತ್ತಾನೋ ಬರೀ ಸಿಟ್ಟಿನವನೋ, ಎಂಬುದರ ಮೇಲೆ ಸ್ವಲ್ಪ ಚರ್ಚೆಯಾಯಿತು. ಚಿತ್ರದಲ್ಲಿ ಅವನ ಸುಳಿವೇ ಇರಲಿಲ್ಲ. ವೈನಿ ಯೋಚಿಸಿ, "ಕೆಟ್ಟವ ಅಲ್ಲ. ಆಕಿನ್ನ ಮಾತಾಡಸೂದಿಲ್ಲ ಅಷ್ಟ" ಎಂದರು. ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ವೈನಿ ಅಂದು ಹೇಳಿದ್ದು ತಮ್ಮ ಕತೆಯೇ ಎಂದು ನಾನು ಹೇಳಲಾರೆ. ಅವರ ಮನೆಗೆ ನಾನು ಮೂರು ವರ್ಷ ಹೋಗಿ ಬಂದೆ. ಡಾಕ್ಟರು ಒರಟರಲ್ಲ; ಹಳ್ಳಿಹಳ್ಳಿ ತಿರುಗಿ ದಣಿದು ಬರುತ್ತಿದ್ದ ಸಾಧಾರಣ ಮನುಷ್ಯ. ಬಾಗಿಲಲ್ಲಿ ನಿಂತು ಹತ್ತು ನಿಮಿಷದ ಚಿತ್ರ ನೋಡಿ ಉಳಿದದ್ದನ್ನು ಒಲೆಯ ಮುಂದೆ ಊಹಿಸಿಕೊಳ್ಳುವುದು ವೈನಿಗೆ ರೂಢಿಯಾಗಿತ್ತು, ಅಷ್ಟನ್ನು ಹೇಳಬಲ್ಲೆ.

ಕರೆಂಟು ಬಂದಾಗ ಬಿಸಿಲು ಅಂಗಳದ ಗೋಡೆ ಏರಿತ್ತು. ಹೆಂಗಸರೆಲ್ಲ ಒಮ್ಮೆಲೇ ಎದ್ದರು. ಅವರವರ ಮನೆಯಲ್ಲಿ ಹೊತ್ತು ಮುಳುಗುವ ಮೊದಲು ಅಡುಗೆಯಾಗಬೇಕಿತ್ತು. ವೈನಿಯೂ ಎದ್ದರು. "ಬಾಯಾರ, ಅತ್ತಿಯವರ ಹಂತ್ಯಾಕ ನೀವ ಕೂಡ್ರಿ" ಎಂದು ಹೇಳಿ ಒಳಗೆ ಹೋದರು. ಅಂದೂ ಅವರಿಗೆ ಚಿತ್ರದ ಕೊನೆ ನೋಡಲಾಗಲಿಲ್ಲ.

ಉಳಿದ ಭಾಗವನ್ನು ನಾವು ನೋಡಿದೆವು. ಈಗ ನಾನು ಹಸಿರು ಕೋಟಿನವಳನ್ನು ಹುಡುಕುತ್ತಿದ್ದೆ. ಆಕೆ ಇನ್ನೆರಡು ಸಲ ಬಂದಳು, ಒಮ್ಮೆ ನೊರೆಯಲ್ಲಿ ಜಾರಿದಳು, ಆಮೇಲೆ ಕಾಣಲಿಲ್ಲ. ಕೊನೆಗೆ ಎಲ್ಲರೂ ಮುರಿದ ಮೇಜಿನ ಸುತ್ತ ನಿಂತು ಹಾಡಿ, ಅತ್ತು, ಅಪ್ಪಿಕೊಂಡರು. ಅಜ್ಜಿಗೆ ಎಲ್ಲರೂ ಸೇರಿ ಕಿವಿಗೆ ಹಚ್ಚಿಕೊಳ್ಳುವ ಯಂತ್ರವನ್ನು ಉಡುಗೊರೆ ಕೊಟ್ಟರು. ಆಕೆ ಅದನ್ನು ಹಚ್ಚಿಕೊಂಡು ಒಂದು ಕ್ಷಣ ಕೇಳಿದಳು. ಆಮೇಲೆ ತೆಗೆದು ಮೇಜಿನ ಮೇಲಿಟ್ಟು, "ನೀವು ಇಷ್ಟು ಕೂಗುತ್ತಿದ್ದಿರಾ? ಮೊದಲೇ ಚೆನ್ನಾಗಿತ್ತು" ಎಂದಳು.

ಇಡೀ ಚಿತ್ರದಲ್ಲಿ ನಾನು ನಕ್ಕದ್ದು ಅಲ್ಲೊಂದೇ ಕಡೆ. ಆಯಿ ನನ್ನ ಮೊಣಕೈ ಹಿಡಿದು, "ಏನಂದ್ಲು?" ಎಂದರು. ನಾನು ವೈನಿಯ ಹಾಗೆ ಎಡಗಿವಿಗೆ ಬಗ್ಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: "ಎಷ್ಟ ಒದರತೀರಿ, ಕೇಳಸದ ಇದ್ದದ್ದ ಚಲೋ ಇತ್ತು ಅಂದ್ಲು!" ಆಯಿ ತೊಡೆ ತಟ್ಟಿಕೊಂಡು ನಕ್ಕರು. ಈ ಸಲ ಯಾರ ಮುಖವನ್ನೂ ನೋಡಲಿಲ್ಲ. ಮಗನ ಕಡೆ ಬೆರಳು ಮಾಡಿ, "ಖರೇ ಐತಿ, ಖರೇ ಐತಿ" ಎಂದರು.

ಆಮೇಲೆ ನಿಯಮದಂತೆ ಅಭಿಪ್ರಾಯ. ಮಾಸ್ತರರು ಒಬ್ಬೊಬ್ಬರನ್ನೇ ಕೇಳುತ್ತ ಬಂದರು. ಒಬ್ಬರು ಫೋಟೋಗ್ರಫಿ ಚೆನ್ನಾಗಿದೆ ಎಂದರು. ಇನ್ನೊಬ್ಬರು ನೊರೆ ಪಾಶ್ಚಾತ್ಯ ಸಮಾಜದ ಪೊಳ್ಳುತನವನ್ನು ಸೂಚಿಸುತ್ತದೆ ಎಂದರು. ಮಾಸ್ತರರು ಅವರನ್ನು ಕನಿಕರದಿಂದ ನೋಡಿದರು. ಡಾಕ್ಟರು, "ಆ ಆಡಿಗೆ ಹೊಟ್ಟಿ ಉಬ್ಬಿತ್ತು. ಪರದೆ ತಿನಸೂ ಮುಂಚೆ ಯಾರರ ನೋಡಬೇಕಿತ್ತು" ಎಂದರು. ಅದು ಪ್ರಾಮಾಣಿಕ ಅಭಿಪ್ರಾಯವಾಗಿತ್ತು.

ನನ್ನ ಸರದಿ ಬಂದಾಗ ನಾನು ಹೇಳಿದ್ದು ಇಂದಿಗೂ ಬಹುತೇಕ ನೆನಪಿದೆ, ಇಂದಿಗೂ ಅದನ್ನೇ ಹೇಳುತ್ತೇನೆ. ಗದ್ದಲದ ಮೇಲೆ ನನಗೆ ಸಿಟ್ಟಿಲ್ಲ. ನಾನು ಬೆಳೆದದ್ದೂ ಗದ್ದಲದ ಮನೆಯಲ್ಲೇ. ರಾಯಬಾಗದ ನಮ್ಮ ಮನೆಯಲ್ಲಿ ದೊಡ್ಡಪ್ಪ ಕಬ್ಬಿನ ಗದ್ದೆಯಿಂದಲೇ ಕೂಗಿ ಊಟ ಕೇಳುತ್ತಿದ್ದ, ಚಿಕ್ಕಮ್ಮ ಅಷ್ಟೇ ಜೋರಾಗಿ ಇಲ್ಲವೆನ್ನುತ್ತಿದ್ದಳು. ಆದರೆ ಕಣ್ಣು ಮುಚ್ಚಿಕೊಂಡು ಕೇಳಿದರೂ ಯಾರು, ಯಾರಿಗೆ, ಯಾತಕ್ಕೆ ಒದರುತ್ತಿದ್ದಾರೆಂದು ನಮಗೆ ತಿಳಿಯುತ್ತಿತ್ತು. ಚಿಕ್ಕಮ್ಮ ಎತ್ತಿಗೆ ಕೂಗುವ ದನಿಯೇ ಬೇರೆ, ಮಾವನಿಗೆ ಕೇಳಿಸಲೆಂದು ಮಗುವಿಗೆ ಕೂಗುವ ದನಿಯೇ ಬೇರೆ. ಈ ಚಿತ್ರದಲ್ಲಿ ಎಲ್ಲರದ್ದೂ ಒಂದೇ ಕೂಗು. ಅಷ್ಟು ಮಂದಿಯನ್ನು ಮನೆಗೆ ಕರೆದು, ಒಬ್ಬರನ್ನೂ ಕೂರಿಸಿ ಮಾತಾಡಿಸಿಲ್ಲ.

ಎರಡನೆಯದು, ಅಲ್ಲಿ ಯಾರೂ ಯಾರೊಡನೆಯೂ ಜಗಳವಾಡುವುದಿಲ್ಲ. ನಿಚ್ಚಣಿಕೆಯ ಜತೆ, ಆಡಿನ ಜತೆ, ಯಂತ್ರದ ಜತೆ ಬಡಿದಾಡುತ್ತಾರೆ. ಮನುಷ್ಯರ ನಡುವೆ ಒಡೆದದ್ದು ಏನೂ ಇಲ್ಲದಿರುವಾಗ ಕೊನೆಯಲ್ಲಿ ಅಪ್ಪಿಕೊಂಡು ಅಳುವುದು ಯಾತಕ್ಕೆ? ಮುರಿದದ್ದು ಮೇಜು, ಅದಕ್ಕೆ ಬಡಿಗ ಸಾಕು. ಮೂರನೆಯದಾಗಿ, ಎಲ್ಲಿ ನಗಬೇಕೆಂದು ಕಹಳೆ ಊದಿ ಹೇಳುವ ಚಿತ್ರಕ್ಕೆ ನೋಡುವವರ ಮೇಲೆ ನಂಬಿಕೆಯಿಲ್ಲ. ಅಜ್ಜಿಯ ಕೊನೆಯ ಮಾತು ಒಳ್ಳೆಯದಿತ್ತು. ಅದಕ್ಕೆ ಕಹಳೆ ಇರಲಿಲ್ಲ.

ಮಾಸ್ತರರು ತಲೆಯಾಡಿಸಿದರು. ಆಮೇಲೆ ಕುರ್ಚಿ ಬಿಟ್ಟು ಬಂದು ಆಯಿಯ ಎದುರು ಕುಕ್ಕರುಗಾಲಲ್ಲಿ ಕೂತು, ಕೈಸನ್ನೆ ಮಾಡಿ, "ಆಯಿ, ಹ್ಯಾಂಗಿತ್ತರಿ?" ಎಂದು ಕೇಳಿದರು. ಅಷ್ಟು ದಿನಗಳಲ್ಲಿ ಆ ಮನೆಯಲ್ಲಿ ಆಯಿಯನ್ನು ಅವರು ಕೇಳಿದ್ದು ಅದೇ ಮೊದಲು.

ಆಯಿಗೆ ಪ್ರಶ್ನೆ ಕೇಳಿಸಿತೋ, ಸನ್ನೆಯಿಂದ ತಿಳಿಯಿತೋ. "ಮುದುಕಿ ಶ್ಯಾಣ್ಯಾಕಿ" ಎಂದರು. "ಆದ್ರ ಆ ಹುಡುಗಿದು ಏನೂ ಹೇಳದ ಮುಗಿಸಿ ಬಿಟ್ರಲ್ಲ. ಹಬ್ಬ ಮುಗದ ಮ್ಯಾಲ ಮಾತಾಡತೇನಿ ಅಂದಿದ್ಲು ಮುದುಕಿ. ಮಾತಾಡಿದ್ಲೋ ಇಲ್ಲೋ?"

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾಸ್ತರರು ನಗಲಿಲ್ಲ. ಎದ್ದು ಪಾಯಜಾಮದ ಧೂಳು ಕೊಡವಿಕೊಂಡು, "ಸಿನಿಮಾ ಮಾಡಿದವ್ರಿಗೆ ಗೊತ್ತಿಲ್ಲರಿ ಆಯಿ" ಎಂದಷ್ಟೇ ಹೇಳಿದರು.

ನಾನು ಚಪ್ಪಲಿ ಮೆಟ್ಟಿಕೊಳ್ಳುವಾಗ ವೈನಿ ಅಡುಗೆಮನೆಯ ಬಾಗಿಲಿಗೆ ಬಂದರು. ಕೈಗೆ ಜೋಳದ ಹಿಟ್ಟು ಹತ್ತಿತ್ತು. "ಕಡೀಕ ಏನಾತ್ರಿ?" ಎಂದು ಕೇಳಿದರು. ಎಲ್ಲರೂ ಹಾಡಿ ಅಪ್ಪಿಕೊಂಡರು, ಅಜ್ಜಿಗೆ ಯಂತ್ರ ಕೊಟ್ಟರು, ಮುಗಿಯಿತು ಎಂದೆ. "ಅಷ್ಟನ?" ಎಂದರು ವೈನಿ. ಒಲೆಯ ಮೇಲಿನ ರೊಟ್ಟಿ ಕರಿಯಾಗುತ್ತದೆಂದು ಒಳಗೆ ಹೋದರು.

ಮುಂದಿನ ಸಲದಿಂದ ಮಂಡಳಿಯ ಪದ್ಧತಿ ಸ್ವಲ್ಪ ಬದಲಾಯಿತು. ಚಹಾವನ್ನು ಹೊರಗಿನಿಂದ ತರಿಸತೊಡಗಿದರು. ಹೆಂಗಸರಲ್ಲಿ ಇಬ್ಬರು ಮೂವರು ಬರುತ್ತಿದ್ದರು, ಗಂಭೀರ ಚಿತ್ರಗಳಿಗೆ ಬೇಸತ್ತು ಒಬ್ಬೊಬ್ಬರಾಗಿ ಬಿಟ್ಟರು. ವೈನಿ ಬಿಡಲಿಲ್ಲ, ಆಯಿಯ ಎಡಕ್ಕೆ ಕೂತು ಕೊನೆಯತನಕ ನೋಡುತ್ತಿದ್ದರು. ಅವರು ಕಿವಿಯಲ್ಲಿ ಹೇಳುವುದಕ್ಕೆ ಮಾಸ್ತರರು ಆಕ್ಷೇಪಿಸಲಿಲ್ಲ. ಪುಣೆಯ ಗೆಳೆಯರು ಹೇಳಿದ ಆ ಚಿತ್ರ ಕೊನೆಗೂ ಸಿಗಲಿಲ್ಲ. ತೊಂಬತ್ತರ ನಂತರ ಓಣಿಗೆ ಕೇಬಲ್ ಬಂತು, ನಿಪ್ಪಾಣಿಯಿಂದ ಟಾವೆಲಿನಲ್ಲಿ ಸುತ್ತಿ ತರುವುದು ನಿಂತಿತು, ಮಂಡಳಿಯೂ ನಿಂತಿತು. ಯಾರೂ ಅದನ್ನು ಮುಚ್ಚಲಿಲ್ಲ, ಸೇರುವುದು ತಪ್ಪಿತು.

ನನಗೆ ಮದುವೆಯಾಯಿತು, ಅಥಣಿಗೆ ವರ್ಗವಾಯಿತು. ಅಲ್ಲಿ ಒಂದು ಸಂಜೆ ಕೇಬಲ್ಲಿನಲ್ಲಿ ಅದೇ ಚಿತ್ರವನ್ನು ಹಿಂದಿಯಲ್ಲಿ ಹಾಕಿದ್ದರು. ಏಪ್ರಿಲ್ ತಿಂಗಳು, ಮನೆಯ ಗೋಡೆಗಳು ಸುಡುತ್ತಿದ್ದವು. ಹಿಂದಿಯಲ್ಲಿ ಅವರು ಇನ್ನೂ ಜೋರಾಗಿ ಒದರುತ್ತಿದ್ದರು. ನನ್ನ ಗಂಡ ಎರಡು ಕಡೆ ನಕ್ಕ, ಆಮೇಲೆ ಪೇಪರು ಎತ್ತಿಕೊಂಡ. ನಾನು ಕೊನೆಯವರೆಗೂ ಕೂತೆ. ಅಭಿಪ್ರಾಯ ಬದಲಿಸಬೇಕಾದದ್ದು ಏನಾದರೂ ಸಿಗಬಹುದೇ ಎಂದು ನ್ಯಾಯವಾಗಿಯೇ ನೋಡಿದೆ. ಸಿಗಲಿಲ್ಲ. ಒಂದು ವಿಷಯ ಮಾತ್ರ ಹೊಸದಾಗಿ ಕಂಡಿತು: ಹಸಿರು ಕೋಟಿನ ಪಾತ್ರ ಮಾಡಿದ ಹೆಂಗಸು ಒಳ್ಳೆಯ ನಟಿ. ಮೂಗಿಗೆ ಬಾಗಿಲು ಬಡಿಯುವ ಮೊದಲು ಒಂದು ಕ್ಷಣ ಆಕೆ ಏನೋ ಹೇಳಲು ಬಾಯಿ ತೆರೆಯುತ್ತಾಳೆ, ಪ್ರತಿ ಸಲವೂ. ಅದನ್ನು ನಿರ್ದೇಶಕನು ಗಮನಿಸಿದಂತಿಲ್ಲ.

ಅದಾಗಿ ಒಂದೆರಡು ವರ್ಷಕ್ಕೆ ಕಾಗವಾಡದ ಬಸ್ಸಿನಲ್ಲಿ ವೈನಿ ಸಿಕ್ಕರು. ತವರಿಗೆ ಹೊರಟಿದ್ದರು. ಕೂದಲಲ್ಲಿ ಬಿಳಿ ಬಂದಿತ್ತು. ಡಾಕ್ಟರು ನಿವೃತ್ತರಾಗಿ ಹೊಲ ನೋಡಿಕೊಳ್ಳುತ್ತಿದ್ದರಂತೆ. ಮಾಸ್ತರರು ಮಗನ ಮನೆಗೆ ಹೋಗಿದ್ದರಂತೆ. ಆಯಿ ಹಿಂದಿನ ಬೇಸಿಗೆಯಲ್ಲಿ ತೀರಿಕೊಂಡಿದ್ದರು; ಮಲಗಿದ್ದು ನಾಲ್ಕೇ ದಿನ ಎಂದರು.

ನಾನು ಆ ನಾತಾಳದ ಸಿನಿಮಾ ನೆನಪಿಸಿದೆ. ವೈನಿಗೆ ನಾಚಿಕೆಯೂ ನಗುವೂ ಬಂತು.

"ಅದನ್ನ ಅತ್ತಿಯವರ ಬಿಡಲೇ ಇಲ್ರಿ, ಬಾಯಾರ. ಮನಿಗೆ ಬಂದವ್ರಿಗೆಲ್ಲಾ ಹೇಳತಿದ್ರು. ನಾ ಹೇಳಿದ್ದ ಹಿಡಿಯಷ್ಟ, ಅವ್ರ ಮಾಡಿದ್ದ ಚೀಲದಷ್ಟ. ಮೊದಲ ಮುದುಕಿ ಅಣ್ಣಗ ಬೈದ್ಲು. ಅಣ್ಣ ಕೇಳಲಿಲ್ಲ. ಆಮ್ಯಾಲ ಮುದುಕಿ ತನ್ನ ಬಂಗಾರ ಮಾರಿ ಆ ಹುಡುಗಿಗೆ ಹೊಲಿಗಿ ಮಶಿನ್ ಕೊಡಿಸಿದ್ಲು."

"ಅಮೆರಿಕಾದಾಗ?" ಎಂದೆ.

"ಅವ್ರ ಲೆಕ್ಕದಾಗ ಬೋರಗಾಂವದಾಗ" ಎಂದರು ವೈನಿ. "ಅಲ್ಲಿ ಮಗ್ಗದ ಮನಿ ಭಾಳ ಅದಾವಲ್ರಿ, ಬಟ್ಟಿ ಅಗ್ಗ ಸಿಗತಾವ. ಆಕಿ ಸ್ವಂತ ದುಕಾನ ಹಾಕಿದ್ಲಂತ. ಗಂಡ ಒಂದ ದಿನ ಅಂಗಿ ಹೊಲಿಸಾಕ ಬಂದ ನಿಂತ."

"ಹೊಲದು ಕೊಟ್ಲೇನು?"

"ಅದನ್ನ ಒಬ್ಬೊಬ್ರಿಗೆ ಒಂದೊಂದ ಥರಾ ಹೇಳತಿದ್ರು. ಸಿಟ್ಟಿನ್ಯಾಗ ಇದ್ದಾಗ, ಕೊಡಲಿಲ್ಲ ಅಂತಿದ್ರು. ಚಲೋ ಇದ್ದಾಗ, ಕೊಟ್ಲು, ಆದ್ರ ತೋಳ ಸಣ್ಣದ ಹೊಲದಿದ್ಲು ಅಂತಿದ್ರು."

ಬಸ್ಸು ಕಾಗವಾಡದ ಸ್ಟ್ಯಾಂಡಿನಲ್ಲಿ ನಿಂತಿತು. ವೈನಿ ಮಂಗಸೂಳಿಯ ಗಾಡಿ ಹಿಡಿಯಬೇಕಿತ್ತು. ಕೈಚೀಲದಿಂದ ಒಂದು ಗೊಂಚಲು ದ್ರಾಕ್ಷಿ ತೆಗೆದು ನನ್ನ ಮಡಿಲಿಗೆ ಹಾಕಿ, "ಹುಳಿ ಅದಾವು, ಉಪ್ಪ ಹಚ್ಚಿ ತಿನ್ರಿ" ಎಂದು ಹೇಳಿ ಇಳಿದುಹೋದರು.